ಹೆಚ್ಚಾಯಿತು ಎನ್ನಬಾರದ ಹಾಲು

ಮೊನ್ನೆ ಭಾನುವಾರ ಟ್ರಂಕು ತೆಗೆದು ಹೊದಿಕೆಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ತಳದಲ್ಲಿ ಒಂದು ಹಳೆಯ ದಿಂಬಿನ ಚೀಲ, ಅದರೊಳಗೆ ಅಂಗೈ ಅಗಲದ ದುಂಡು ದುಂಡು ಹತ್ತಿ ಗಾದಿಗಳು. ನನ್ನ ಮಗಳು ಕಂಡದ್ದೇ ತಡ, ಎಲ್ಲವನ್ನೂ ಬಾಚಿಕೊಂಡು ಹೋಗಿ ತನ್ನ ಗೊಂಬೆಗಳಿಗೆ ಹಾಸಿಗೆ ಹಾಸಿದಳು.

"ಅವ್ವಾ, ಇಷ್ಟ ಸಣ್ಣ ಗಾದಿ ಯಾರಿಗೆ ಮಾಡಿದ್ದು?"

"ನನಗ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಇದರಾಗ ಹೆಂಗ ಹಿಡಸ್ತಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದಳು. ಮಕ್ಕಳಿಗೆ ತಾಯಿಯ ಗಾತ್ರದ ವಿಷಯದಲ್ಲಿ ಮುಲಾಜಿಲ್ಲ. ಆದರೆ ಆ ಗಾದಿಗಳು ಖರೇನೇ ನನಗೆಂದು ಮಾಡಿದವು. ಅವನ್ನು ಹೊಲಿದವರು ನಮ್ಮಪ್ಪ, ಮತ್ತು ಅವು ಯಾತಕ್ಕೆ ಎಂದು ಅವರು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ನಾನಾದರೂ ಹೇಳುತ್ತೇನೆ, ನಿಮ್ಮ ಮುಂದೆ ಎಂಥ ನಾಚಿಕೆ.

ಲಕ್ಷ್ಮೇಶ್ವರದಲ್ಲಿ ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಹೆಸರು ಸಾಬರದು, ಮನೆಮಾತು ಕನ್ನಡ. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ನಾನು ಸಣ್ಣವಳಿದ್ದಾಗ ಅಪ್ಪ ಇನ್ನೂ ಹಿಂಜುವ ಬಿಲ್ಲು ಇಟ್ಟುಕೊಂಡಿದ್ದರು. ಲಗ್ನದ ಸುಗ್ಗಿಯಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಶಿರಹಟ್ಟಿಗೋ ಮುಂಡರಗಿಗೋ ಹೊರಟರೆ ನಾನೂ ಬೆನ್ನುಹತ್ತುತ್ತಿದ್ದೆ. ಬಸ್ಸಿನಲ್ಲಿ ಬಿಲ್ಲು ಯಾರ ತಲೆಗೆ ಬಡಿಯುತ್ತದೋ ಎಂದು ಕಂಡಕ್ಟರು ದಾರಿಯುದ್ದಕ್ಕೂ ವಟಗುಟ್ಟುತ್ತಿದ್ದ. ಮದುವೆ ಮನೆಯ ಪಡಸಾಲೆಯಲ್ಲಿ ಕುಳಿತು ಅಪ್ಪ ಬಿಲ್ಲಿನ ನರದ ಹುರಿಯನ್ನು ಮೀಟಿದರೆ ಠೈಂ ಠೈಂ ಎಂಬ ಆ ಸದ್ದಿಗೆ ಓಣಿಯ ಮಕ್ಕಳೆಲ್ಲ ಬಂದು ನಿಲ್ಲುತ್ತಿದ್ದರು. ನನಗೋ ಅಲ್ಲಿ ಮಾಲಕಿಯ ಗತ್ತು. ಮರುದಿನ ಶಾಲೆಗೆ ಹೋದರೆ ಹುಬ್ಬು, ರೆಪ್ಪೆ, ಜಡೆ ಎಲ್ಲ ಬೆಳ್ಳಗೆ. "ಏನವಾ, ಗಿರಣ್ಯಾಗ ಮಲಗಿದ್ದೇನ?" ಎಂದು ಗುರುಗಳು ಕೇಳಿದಾಗ ಆ ಗತ್ತೆಲ್ಲ ಇಳಿಯುತ್ತಿತ್ತು.

ಆಗ ನನಗೆ ಜಗತ್ತಿನ ದೊಡ್ಡ ಸೋಜಿಗವೆಂದರೆ ಹತ್ತಿಯೇ. ಹಳೆ ಗಾದಿಯಿಂದ ತೆಗೆದ ಗಟ್ಟಿ ಗಂಟು ಮುಷ್ಟಿಯೊಳಗೆ ಹಿಡಿಸುವಂತಿರುತ್ತಿತ್ತು. ಅಪ್ಪ ಅದನ್ನು ಹಿಂಜುತ್ತ ಹಿಂಜುತ್ತ ಹೋದಂತೆ ಉಬ್ಬಿ, ಮೊಣಕಾಲು ಮುಚ್ಚಿ, ಗೋಡೆ ಮುಟ್ಟಿ, ಕೊನೆಗೆ ಅಪ್ಪನೇ ಕಾಣಿಸುತ್ತಿರಲಿಲ್ಲ. "ಇಷ್ಟೆಲ್ಲ ಎಲ್ಲಿಂದ ಬಂತಪ್ಪಾ?" ಎಂದರೆ "ಎಲ್ಲಿಂದನೂ ಬಂದಿಲ್ಲವಾ, ಒಳಗ ಇದ್ದದ್ದನ್ನ ಬಿಡಿಸೀನಿ ಅಷ್ಟ," ಎನ್ನುತ್ತಿದ್ದರು. ಇದಕ್ಕಿಂತ ದೊಡ್ಡ ಬೆರಗು ನನ್ನ ಮೈಯಲ್ಲೇ ಕಾದಿದೆ ಎಂದು ಆಗ ನನಗೇನು ಗೊತ್ತು.

ಈಗ ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗಂಡನ ಮನೆ ಬೆಟಗೇರಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ನಮ್ಮ ನಡುಮನೆಯಲ್ಲಿ ಆಗಲೇ ಒಬ್ಬ ಬಾಣಂತಿ ಹೊರಸಿನ ಮಂಚ ಹಿಡಿದಿದ್ದಳು. ಅಣ್ಣನ ಹೆಂಡತಿ ರೇಷ್ಮಾ. ನಾನು ಕರೆಯುವುದು ವೈನಿ ಎಂದು. ಮುಂಡರಗಿಯ ಹುಡುಗಿ, ತಾಯಿ ತೀರಿಕೊಂಡಿದ್ದರಿಂದ ಬಾಣಂತನವೂ ಅತ್ತೆಯ ಮನೆಯಲ್ಲೇ. ಅವಳಿಗೆ ಗಂಡುಮಗು, ದಿನ ತುಂಬುವ ಮೊದಲೇ ಹುಟ್ಟಿದ್ದು. ಹೆರಿಗೆಯಲ್ಲಿ ವೈನಿ ಬಹಳ ರಕ್ತ ಕಳೆದುಕೊಂಡು ಸತ್ತು ಬದುಕಿದ್ದಳು. ಮಗು ಬಹಳ ದಿನ ಗದಗಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತ್ತು. ನನಗೆ ಹೆಣ್ಣು. ಎರಡು ಹೊರಸು, ಎರಡು ತೊಟ್ಟಿಲು, ಒಂದೇ ಲೋಬಾನದ ಹೊಗೆ.

ನನ್ನ ಮಗಳು ಹುಟ್ಟಿದ ಖಬರು ಕೇಳಿದ ಕೂಡಲೇ ಆಯಿ, ಅಂದರೆ ಅಪ್ಪನ ತಾಯಿ, ಓಣಿಗೆಲ್ಲ ಸಕ್ಕರೆ ಹಂಚಿಸಿಬಿಟ್ಟಳು. ಅದು ಹುಟ್ಟಿದ ಸಕ್ಕರೆಯಲ್ಲ, ಮಾತು ಗಟ್ಟಿ ಮಾಡಿದ ಸಕ್ಕರೆ. ಅಣ್ಣನಿಗೆ ಮಗ, ತಂಗಿಗೆ ಮಗಳು. ನಮ್ಮ ಕಡೆ ಇದು ಯಾರನ್ನೂ ಕೇಳಬೇಕಿಲ್ಲದ ಜೋಡಿ.

"ಆಯಿ, ಇನ್ನೂ ಕಣ್ಣ ಬಿಟ್ಟಿಲ್ಲ ಅವು," ಎಂದೆ.

"ಬಿಡ್ತಾವ ತಗೋ. ನಿನ್ನ ಬೆಟಗೇರಿಗೆ ಕೊಟ್ಟು ಕಳಕೊಂಡೆ. ನಿನ್ನ ಮಗಳ್ನ ಈ ಮನಿಗೆ ತಂದು ಸೇಡು ತೀರಿಸ್ಕೋತೀನಿ."

ಬೆಟಗೇರಿಯೇನು ವಿಲಾಯತಿಯೇ? ಬಸ್ಸು ಹತ್ತಿದರೆ ಹರಟೆ ಮುಗಿಯುವಷ್ಟರಲ್ಲಿ ಬರುತ್ತದೆ. ಆದರೆ ಆಯಿ ತನ್ನ ಒಬ್ಬಳೇ ಮಗಳನ್ನು ಸೊಲ್ಲಾಪುರದ ಆಚೆಗೆಲ್ಲೋ ಕೊಟ್ಟು, ಅವಳ ಮುಖ ಹಬ್ಬಕ್ಕೊಮ್ಮೆಯೂ ಕಾಣದೆ ಮುದುಕಿಯಾದವಳು. ಅವಳ ಪಾಲಿಗೆ ಹೊಸ್ತಿಲು ದಾಟಿದ ಹೆಣ್ಣುಮಕ್ಕಳೆಲ್ಲ ಸೊಲ್ಲಾಪುರದಲ್ಲೇ ಇದ್ದರು. ನಾನು ನಕ್ಕುಬಿಟ್ಟೆ. ತೊಟ್ಟಿಲ ಕೂಸುಗಳ ಮದುವೆಯ ಮಾತಿಗೆ ಈ ಕಾಲದಲ್ಲಿ ಏನು ಬೆಲೆ ಎಂದುಕೊಂಡೆ. ಆಯಿ ಮಾತ್ರ ನಕ್ಕಿರಲಿಲ್ಲ.

ಇನ್ನು ಹಾಲಿನ ಮಾತು. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಎದ್ದರೆ ಎದೆ ಎರಡೂ ಬೀಸುವ ಕಲ್ಲಾಗಿವೆ. ಮೈ ಸುಡುತ್ತಿದೆ. ಕೈ ಎತ್ತಲಾರೆ, ಇಳಿಸಲಾರೆ. ಬಿಸಿನೀರಿನ ಅರಿವೆ ಒತ್ತಿ ಅವ್ವ ಮಗಳನ್ನು ಹಚ್ಚಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗೆಲ್ಲೋ ಸಾವಿರ ಸೂಜಿ ಚುಚ್ಚಿದಂತಾಗಿ, ಅಯ್ಯಯ್ಯ, ಕೂಸು ಕೆಮ್ಮಿ, ಮುಖ ಕೆಂಪಗೆ ಮಾಡಿ, ಬಾಯಿ ಬಿಟ್ಟು ಹಿಂದೆ ಸರಿಯಿತು. ಹಾಲು ಚಿಮ್ಮಿದ್ದು ಹೊರಸು ದಾಟಿ, ಕೆಳಗೆ ನಿದ್ದೆ ಮಾಡುತ್ತಿದ್ದ ಬೆಕ್ಕಿನ ಮುಖಕ್ಕೆ! ಬೆಕ್ಕು ಗಾಬರಿಯಿಂದ ಎದ್ದು, ಮೀಸೆ ನೆಕ್ಕಿ, ಯೋಚಿಸಿ, ಮತ್ತೆ ಅಲ್ಲೇ ಕುಳಿತಿತು. ಅವತ್ತಿನಿಂದ ಅದು ಆ ಜಾಗ ಬಿಟ್ಟು ಕದಲಲಿಲ್ಲ.

ಅದು ಒಂದು ದಿನದ ಆಟ ಎಂದುಕೊಂಡಿದ್ದೆ. ಎಲ್ಲಿಯದು! ಒಂದು ಕಡೆ ಕುಡಿಸಿದರೆ ಇನ್ನೊಂದು ಕಡೆ ತಾನಾಗಿ ಸುರಿಯುತ್ತದೆ. ಕುಪ್ಪಸ, ಸೆರಗು, ಕೌದಿ, ಎಲ್ಲ ತೊಯ್ದು ತೊಪ್ಪೆ. ಮಗಳು ಹಸಿವಿನಿಂದ ಅಳುತ್ತಾಳೆ, ಹಚ್ಚಿದರೆ ಉಸಿರು ಕಟ್ಟಿ ಅಳುತ್ತಾಳೆ, ಬಿಟ್ಟರೆ ಮುಖಕ್ಕೆ ಅಭಿಷೇಕವಾಗಿ ಅಳುತ್ತಾಳೆ. ಕುಡಿದದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಹೊಟ್ಟೆ ಉಬ್ಬಿ ತಿರುಚಿಕೊಳ್ಳುತ್ತಿದ್ದಳು. ನಾನೂ ಅವಳ ಜೊತೆ ಕುಳಿತು ಅಳುತ್ತಿದ್ದೆ. ಆದರೂ ಅಳುವಿನ ನಡುವೆ ನನ್ನನ್ನೇ ನಾನು ನೋಡಿಕೊಂಡು ದಂಗಾಗುತ್ತಿದ್ದೆ. ನಿನ್ನೆಯವರೆಗೆ ಈ ಮೈ ರಜೆಯ ಅರ್ಜಿ ಬರೆಯುತ್ತ, ಉತ್ತರಪತ್ರಿಕೆ ತಿದ್ದುತ್ತ, ಬಸ್ಸಿಗೆ ಓಡುತ್ತ ಇತ್ತು. ಇದನ್ನು ಯಾವಾಗ ಕಲಿಯಿತು? ಯಾರು ಕಲಿಸಿದರು? ನಾನಂತೂ ಅಲ್ಲ.

ಓಣಿಯಲ್ಲಿ ಯಾವ ಮಗು ಅತ್ತರೂ ಸುರಿಯುತ್ತಿತ್ತು. ಹಿತ್ತಲ ಆಚೆಯ ಮನೆಯ ಆಡಿನ ಮರಿ ಅರಚಿದರೂ ಸುರಿಯುತ್ತಿತ್ತು. ಯಾರದು, ಎಂಥದು ಎಂಬ ವಿಚಾರಣೆಯೇ ಇಲ್ಲ. ಹಸಿದ ಸದ್ದು ಕೇಳಿದರೆ ಸಾಕು. ಇಷ್ಟೊಂದು ಔದಾರ್ಯ ನನ್ನ ಸ್ವಭಾವದಲ್ಲಿ ಇರಲಿಲ್ಲ ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾನೆ.

ಇದನ್ನು ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಅವ್ವ ಬಾಯಿ ಮುಚ್ಚಿಸುತ್ತಿದ್ದಳು. "ಹೆಚ್ಚಾಗೇತಿ ಅಂತ ಅಪ್ಪಿತಪ್ಪಿನೂ ಅನಬ್ಯಾಡ. ನೆದರ ಬಿದ್ದು ಬತ್ತಿ ಹೋಗತೈತಿ." ಹಾಗಾಗಿ ನೋಡಲು ಬಂದವರು "ಹಾಲು ಹೆಂಗ?" ಎಂದರೆ ಅವ್ವ ಸೊರಗಿದ ಮುಖ ಮಾಡಿ "ಏನ ಹಾಲವಾ, ಕೂಸಿಗೆ ಸಾಲವಲ್ದು," ಎನ್ನುತ್ತಿದ್ದಳು. ಪಕ್ಕದಲ್ಲಿ ನಾನು ತಟತಟ ತೊಟ್ಟಿಕ್ಕುತ್ತ, ಕಂಬಳಿ ಗಲ್ಲದವರೆಗೂ ಎಳೆದುಕೊಂಡು ಕುಳಿತಿರುತ್ತಿದ್ದೆ. ಬಂದವರು ಪಾಪ ಎಂದು ಮನೆಗೆ ಹೋಗಿ, ಹಾಲು ಹೆಚ್ಚಿಸುವುದನ್ನೇ ಮಾಡಿ ಕಳಿಸುತ್ತಿದ್ದರು. ಶಿರಹಟ್ಟಿಯ ಸಣ್ಣವ್ವ ಬೆಳ್ಳುಳ್ಳಿಯ ಗೊಂಚಲನ್ನೇ ತಂದಳು. ಇನ್ನೊಬ್ಬರು ಅಂಟಿನ ಉಂಡಿ, ಮತ್ತೊಬ್ಬರು ಅಳ್ವಿ ಪಾಯಸ, ಪಕ್ಕದ ಮನೆಯವರು ದಿನಾ ಸಬ್ಬಸಿಗೆ ಪಲ್ಯ. ಬಾಣಂತಿಗೆ ಬಂದದ್ದನ್ನು ಬಾಣಂತಿ ತಿನ್ನದೇ ಬಿಡಬಾರದು. ತಿಂದೆ. ಹಾಲು ಇನ್ನಷ್ಟು ಬಂತು. ಬಂದವರ ಮುಂದೆ ಅವ್ವ ಇನ್ನಷ್ಟು ಸೊರಗಿದಳು. ಬೆಳ್ಳುಳ್ಳಿ ಇನ್ನಷ್ಟು ಬಂತು.

ಇದೆಲ್ಲ ನಗುವ ಮಾತೇ, ಆದರೆ ಪಕ್ಕದ ಹೊರಸಿನಲ್ಲಿ ವೈನಿ ಇದ್ದಳು. ಅದೇ ಪಾಯಸ, ಅದೇ ಉಂಡಿ ಅವಳೂ ತಿನ್ನುತ್ತಿದ್ದಳು. ಅವಳಿಗೆ ಬಂದದ್ದು ಎದೆಯುರಿ ಮಾತ್ರ. ಮಗುವನ್ನು ಎಷ್ಟು ಹಚ್ಚಿದರೂ ಅದಕ್ಕೆ ಎಳೆಯುವ ಶಕ್ತಿ ಇಲ್ಲ. ಅದು ಎಳೆಯದೆ ಇವಳಿಗೆ ಇಳಿಯುವುದಿಲ್ಲ. ಎರಡು ಸಲ ಚೀಪಿ ಸುಸ್ತಾಗಿ ಮಲಗಿಬಿಡುತ್ತಿತ್ತು. ಡಬ್ಬಿಯ ಪುಡಿಹಾಲು ಕುಡಿಸಿದರೆ ಕುಡಿದಷ್ಟೂ ಕಾರುತ್ತಿತ್ತು. ಅವ್ವ "ಸಾಲವಲ್ದು" ಎಂದು ಸುಳ್ಳು ಹೇಳುವಾಗಲೆಲ್ಲ ವೈನಿ ಮುಖವನ್ನು ಗೋಡೆಯ ಕಡೆ ಹೊರಳಿಸುತ್ತಿದ್ದಳು. ನನಗೆ ನೆಲಕ್ಕೆ ಇಳಿದುಹೋಗಬೇಕು ಅನಿಸುತ್ತಿತ್ತು.

ನನ್ನ ಗಂಡ ಸುದ್ದಿ ಕೇಳಿ ಬೆಟಗೇರಿಯಿಂದ ಹಾಲು ಹಿಂಡುವ ಕರೆಂಟಿನ ಯಂತ್ರ ಹಿಡಿದು ಬಂದ. ಅವನಿಗೆ ಯಾವ ಸಮಸ್ಯೆಗೂ ಒಂದು ಯಂತ್ರ ಇರಲೇಬೇಕೆಂಬ ನಂಬಿಕೆ. ಹಚ್ಚಿದೆ. ಗುರ್ ಗುರ್ ಎಂದು ಬಾಟಲಿ ತುಂಬಿತು. ಆಹಾ, ಎದೆ ಹಗುರಾಯಿತು. ಮರುದಿನ ಎರಡು ಬಾಟಲಿ ತುಂಬಿತು. ಆಮೇಲೆ ಯಂತ್ರ ಬಿಸಿಯಾಗತೊಡಗಿತು, ನಾನು ಬರಿದಾಗಲಿಲ್ಲ. ಕೊನೆಗೆ ಗದಗಿನ ಮಕ್ಕಳ ಡಾಕ್ಟರಿಗೆ ಫೋನು ಮಾಡಿದರೆ ಆ ಅಮ್ಮ ಜೋರಾಗಿ ನಕ್ಕರು.

"ಅಯ್ಯ ಟೀಚರ್ರ, ನೀವು ತಗದಷ್ಟೂ ಮೈ ಏನ ತಿಳಕೋತೈತಿ ಗೊತ್ತೇನು? ಮನ್ಯಾಗ ಎರಡು ಮೂರು ಕೂಸು ಅದಾವು, ಇನ್ನೂ ಮಾಡಬೇಕು ಅಂತ. ಯಂತ್ರ ಕಪಾಟಿನಾಗ ಇಡ್ರಿ. ನೋವು ಇಳಿಯೂವಷ್ಟ ಕೈಲೇ ತಗೀರಿ, ಸಾಕು. ಕುಡಿಸುವಾಗ ಹಿಂದಕ್ಕ ಒರಗಿ ಕೂಸನ್ನ ಮ್ಯಾಲ ಹಾಕ್ಕೋರಿ. ಮೊದಲ ಜೋರು ಅರಿವ್ಯಾಗ ಬಿಟ್ಟು ಆಮ್ಯಾಲ ಹಚ್ಚರಿ. ಒಂದ ಹೊತ್ತು ಒಂದ ಕಡೆ."

ಮೈ ತಿಳಿದುಕೊಳ್ಳುತ್ತದೆಯಂತೆ. ಯಂತ್ರ ಎಳೆದರೆ ಅದನ್ನೂ ಒಂದು ಕೂಸೆಂದು ನಂಬಿ, ಪಾಪ ಹಸಿದಿದೆ ಎಂದು ಹಾಲು ಮಾಡುತ್ತದೆಯಂತೆ. ನನ್ನ ಮೈಯೊಳಗೆ ನನಗಿಂತ ಒಳ್ಳೆಯವಳೊಬ್ಬಳು ಒಲೆ ಹಚ್ಚಿಕೊಂಡು ಕುಳಿತಿದ್ದಾಳೆ ಎನ್ನಿಸಿತು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಬಾಗಿಲ ಬಳಿ ಒಂದು ದಿಂಬಿನ ಚೀಲ. ಒಳಗೆ ಈ ಪುಟ್ಟ ಗಾದಿಗಳು. ಹೊಸ ಹತ್ತಿ, ಹಳೆಯ ಧೋತರದ ಮೆತ್ತನೆಯ ಅರಿವೆ. ಅಪ್ಪ ಅಂಗಳದಲ್ಲಿ ಎತ್ತಲೋ ನೋಡುತ್ತ ಅವ್ವನಿಗೆ, "ಅಂಗಡ್ಯಾಗ ಒಂದಿಷ್ಟು ಹತ್ತಿ ಉಳಿದಿತ್ತು. ಒಗದ್ರ ಬರ್ತಾವ. ಏನರ ತೊಯ್ದ್ರ ಗಿಯ್ದ್ರ..." ಎಂದು ಹೇಳಿ ಚಪ್ಪಲಿ ಮೆಟ್ಟಿ ಹೋಗಿಬಿಟ್ಟರು. ಕುಪ್ಪಸದೊಳಗೆ ಇಟ್ಟುಕೊಂಡೆ. ಅಪ್ಪ ಅಭ್ಯಾಸಬಲದಿಂದ ನಡುವೆ ಗಾದಿಗೆ ಹಾಕುವಂತೆ ಗಟ್ಟಿ ಹೊಲಿಗೆಯ ಗಂಟನ್ನೂ ಹಾಕಿದ್ದರು. ಅದು ಚುಚ್ಚಬಾರದ ಕಡೆ ಚುಚ್ಚಿ ಜೀವ ಹೋಯಿತು. ಇದನ್ನು ಅಪ್ಪನಿಗೆ ಹೇಳುವವರಾರು? ಅವ್ವ ಏನು ಹೇಳಿದಳೋ, ಹೇಗೆ ಹೇಳಿದಳೋ, ಮುಂದಿನ ಸಲದವುಗಳಲ್ಲಿ ಗಂಟು ಇರಲಿಲ್ಲ.

ಶಿರಹಟ್ಟಿಯ ಸಣ್ಣವ್ವ ಎರಡನೇ ಸಲ ಬಂದಾಗ ಕಂಬಳಿಯ ಗುಟ್ಟು ರಟ್ಟಾಯಿತು. ಒದ್ದೆ ಕಂಬಳಿ ಕಂಡು, "ಅಯ್ಯ, ಹೇಳಬಾರದ! ಮಲ್ಲಿಗಿ ಹೂವ ಕಟ್ಟಿದ್ರ ಹಾಲು ಬತ್ತತೈತಿ," ಎಂದಳು. ಅಲ್ಲಿಯವರೆಗೆ ಮೂಲೆಯಲ್ಲಿ ತಸಬಿಯ ಮಣಿ ಎಣಿಸುತ್ತಿದ್ದ ಆಯಿ ತಟ್ಟನೆ ಸಿಡಿದಳು. "ಬಾಯಾಗ ಹುಳಾ ಬೀಳ್ಲಿ! ಅದು ಕೂಸು ಕಳಕೊಂಡಾಕಿಗೆ ಕಟ್ಟೂದು. ಎರಡು ತೊಟ್ಟಲಾ ಇದ್ದ ಮನ್ಯಾಗ ಆ ಮಾತ ಆಡ್ತಿ?" ಸಣ್ಣವ್ವ ನಾಲಿಗೆ ಕಚ್ಚಿಕೊಂಡಳು. ಯಾರೂ ವೈನಿಯ ತೊಟ್ಟಿಲ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದೇ ಎಲ್ಲರಿಗೂ ಗೊತ್ತಾಯಿತು. ಆ ಮಗುವಿನ ಹಿಮ್ಮಡಿಯ ಚರ್ಮ ಮುದುಕರದರಂತೆ ಸುಕ್ಕುಗಟ್ಟಿತ್ತು.

ನೀರಿನಂತೆ ಹರಿಯುವ ಆ ಹಾಲನ್ನು ನಾವು ಎಲ್ಲೆಂದರಲ್ಲಿ ಚೆಲ್ಲುವಂತಿರಲಿಲ್ಲ. ಕಾಲಿಗೆ ತಾಗಬಾರದು, ಮೋರಿಗೆ ಹೋಗಬಾರದು. ಹಾಗಾಗಿ ಹಿಂಡಿದ್ದನ್ನು ಹಿತ್ತಲ ನುಗ್ಗೆಯ ಬುಡಕ್ಕೆ ಹಾಕುತ್ತಿದ್ದೆವು. ಇತ್ತ ತೊಟ್ಟಿಲಲ್ಲಿ ಹಸಿದ ಕೂಸು, ಅತ್ತ ಹಾಲು ಕುಡಿಯುವ ನುಗ್ಗೆಗಿಡ. ನಾನು ಒಂದು ದಿನ ತಡೆಯಲಾರದೆ ಅವ್ವನಿಗೆ ಹೇಳಿಯೇಬಿಟ್ಟೆ, "ಅವಂಗೂ ನಾನ ಕುಡಸ್ತೀನಿ."

ಅವ್ವ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು. "ಸಕ್ಕರಿ ಹಂಚಿ ಆಗೇತಿ."

ಅಡ್ಡಿ ಅದೇ ಆಗಿತ್ತು. ನಮ್ಮಲ್ಲಿ ಒಬ್ಬ ತಾಯಿಯ ಹಾಲು ಕುಡಿದ ಮಕ್ಕಳು, ಹೆತ್ತವರು ಬೇರೆಯಾದರೂ, ಒಡಹುಟ್ಟಿದವರೇ. ಅವರ ನಡುವೆ ಮದುವೆ ಹರಾಮು. ನಾನು ಆ ಮಗುವಿಗೆ ಎದೆ ಕೊಟ್ಟರೆ ಅವನು ನನ್ನ ಮಗ, ನನ್ನ ಮಗಳಿಗೆ ಅಣ್ಣ. ಆಯಿಯ ಆಸೆ ಅಲ್ಲಿಗೆ ಮುಗಿಯಿತು. ಆಯಿಯ ಎದುರು ನಿಂತು ಅದನ್ನು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಅಣ್ಣ, ಅವ್ವ, ವೈನಿ ಮೂವರೂ ಮಗುವಿನ ತೂಕ ನೋಡಿಸಲು ಗದಗಿಗೆ ಹೋಗಿ ಬಂದರು. ಅವ್ವ ಬುರ್ಖಾ ಕೂಡ ತೆಗೆಯದೆ ನನ್ನ ಬಳಿ ಬಂದು ಕುಳಿತಳು.

"ತೂಕ ಇಳದೈತಿ. ಹಿಂಗ ಆದ್ರ ಮತ್ತ ಪೆಟ್ಟಿಗ್ಯಾಗ ಇಡಬೇಕಾಗತೈತಿ, ಆಗೂ ಹೇಳಾಕ ಬರೂದಿಲ್ಲ ಅಂದ್ರು. 'ಮನ್ಯಾಗ ಇನ್ನೊಬ್ಬ ಬಾಣಂತಿ ಅದಾಳಲ್ಲ, ಆಕಿದೂ ಪರೀಕ್ಷಾ ಎಲ್ಲಾ ನಾವ ಮಾಡೀವಿ, ಏನೂ ತೊಂದ್ರಿಲ್ಲ, ಆಕಿ ಹಾಲು ಕುಡಸ್ರಿ' ಅಂದ್ರು ಡಾಕ್ಟರಮ್ಮ."

"ವೈನಿ ಏನಂದ್ಲು?"

"'ನಾ ಇನ್ನೂ ಸತ್ತಿಲ್ಲಲ್ಲ' ಅಂದ್ಲು. ಬಸ್ಸಿನ್ಯಾಗ ಒಂದ ಮಾತ ಆಡಿಲ್ಲ."

ಆಯಿಯ ಆಸೆ ಒಂದು ಕಡೆ, ವೈನಿಯ ಸಂಕಟ ಇನ್ನೊಂದು ಕಡೆ, ನಡುವೆ ಆ ಕೂಸು. ಆದರೆ ಲಕ್ಷ್ಮೇಶ್ವರ ಬರುವಷ್ಟರಲ್ಲಿ ಅವ್ವ ಬಸ್ಸಿನಲ್ಲೇ ಒಂದು ಉಪಾಯ ಹೊಸೆದಿದ್ದಳು.

"ನೋಡ, ಮಲಿಗೆ ಬಾಯಿ ಹಚ್ಚಿದ್ರ ಅಷ್ಟ ಅಣ್ಣ ತಂಗಿ ಆಗೂದು. ನೀ ಬಟ್ಟಲದಾಗ ತಗದು ಕೊಡು, ನಾ ಚಮಚದಾಗ ಕುಡಸ್ತೀನಿ. ಅದು ಔಷಧ ಇದ್ದಂಗ. ಲೆಕ್ಕಕ್ಕ ಬರೂದಿಲ್ಲ."

"ಹಂಗ ಐತೇನ?"

"ಇರ್ತೈತಿ. ಯಾಕ ಇರೂದಿಲ್ಲ?"

ಯಾರನ್ನೂ ಕೇಳಲು ಹೋಗಲಿಲ್ಲ. ಕೇಳಿದರೆ ಇಲ್ಲ ಎಂದಾರೆಂಬ ಭಯ. ನಾನು ಬಟ್ಟಲು ಕುದಿಸಿ ಹಾಲು ತೆಗೆದುಕೊಟ್ಟೆ. ವೈನಿಗೆ ಡಬ್ಬಿ ಹಾಲೆಂದೂ, ಆಯಿಗೆ ಏನೂ ಇಲ್ಲವೆಂದೂ ಹೇಳುವುದೆಂದಾಯಿತು. ಇಡೀ ಮನೆಯಲ್ಲಿ ಕಳ್ಳತನದಿಂದ ಒಂದು ಕೂಸಿಗೆ ಹಾಲು ಕುಡಿಸುವ ಕೆಲಸ ಸಾಗಿತು. ಮೊದಲ ದಿನ ಚಮಚದಿಂದ ಕುಡಿದ ಮಗು ಕಾರಲಿಲ್ಲ. ಅವ್ವ ಕಾದಳು, ನಾನು ಕಾದೆ. ಆಗಲೂ ಕಾರಲಿಲ್ಲ. ಕಣ್ಣು ತೆರೆದು ದೀಪದ ಕಡೆ ನೋಡಿತು. ನನಗೆ ಆಗ ಅಳು ಬಂದದ್ದು ನೋವಿಗಲ್ಲ. ಇಷ್ಟು ದಿನ ಹೆಚ್ಚಾಯಿತು ಎಂದು ಗೊಣಗಿಕೊಂಡಿದ್ದೆನಲ್ಲ, ಅದು ಹೆಚ್ಚಾಗಿರಲೇ ಇಲ್ಲ ಅನಿಸಿತು.

ಒಂದು ಮಧ್ಯಾಹ್ನ ಅವ್ವ ಬಾಗಿಲಿಗೆ ಬೆನ್ನು ಹಾಕಿ ಕುಳಿತು ಚಮಚದಿಂದ ಕುಡಿಸುತ್ತಿದ್ದಳು. ವೈನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಯಿ ಕೋಲೂರುತ್ತ ಒಳಗೆ ಬಂದಳು.

"ಏನ ಕುಡಸಾಕತ್ತಿ?"

"ಡಬ್ಬಿ ಹಾಲು, ಅತ್ತಿ."

"ಡಬ್ಬಿ ಎಲ್ಲೈತಿ?"

ಅವ್ವ ಸುತ್ತಮುತ್ತ ನೋಡಿದಳು. ಡಬ್ಬಿಯಲ್ಲಿ ಅಪ್ಪ ಆಗಲೇ ಸೂಜಿ ದಾರ ತುಂಬಿಸಿಟ್ಟಿದ್ದರು.

"ನುಗ್ಗಿ ಗಿಡದ ಬುಡ ಒಣಗಿ ಎಷ್ಟೋ ದಿನಾತು," ಎಂದಳು ಆಯಿ. "ಮೊದಲ ಯಾವಾಗ ನೋಡಿದ್ರೂ ಹಸಿ ಇರ್ತಿತ್ತು. ಈ ಹುಡುಗಿ ಹಾಲು ಎಲ್ಲಿ ಹೊಂಟೈತಿ ಅಂತ ನಾ ದಿನಾ ಅಲ್ಲಿ ಕುಂತು ವಿಚಾರ ಮಾಡೀನಿ."

ಅವ್ವನ ಕೈಯ ಚಮಚ ಅಲ್ಲೇ ನಿಂತಿತು. "ಮಲಿಗೆ ಹಚ್ಚಿಲ್ಲ ಅತ್ತಿ, ಆಣಿ ಮಾಡಿ ಹೇಳ್ತೀನಿ. ಚಮಚದಾಗ ಅಷ್ಟ. ಅದು ಲೆಕ್ಕಕ್ಕ..."

"ಹುಚ್ಚಿ. ಬಾಯಿಲೆ ಹೋತೋ ಚಮಚಲೆ ಹೋತೋ, ಹೊಟ್ಟಿಗೇನ ಗೊತ್ತು? ಮೊದಲನೇ ಚಮಚಕ್ಕ ಅವು ಅಣ್ಣಾ ತಂಗಿ ಆಗಿ ಹೋಗ್ಯಾವ."

ಅವ್ವ ಬೆಪ್ಪಾಗಿ ನನ್ನ ಮುಖ ನೋಡಿದಳು. ಆಯಿ ಕೋಲು ಬದಿಗಿಟ್ಟು ನೆಲದ ಮೇಲೆ ಕುಳಿತಳು. ಮಗುವಿನ ಕಾಲನ್ನು ಅರಿವೆಯಿಂದ ಹೊರಗೆ ತೆಗೆದು, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಒತ್ತಿ, ಬಿಟ್ಟು, ಮತ್ತೆ ಒತ್ತಿದಳು.

"ತುಂಬಾಕತ್ತಾವ," ಎಂದಳು. "ನನಗ ಅಂಜಿ ಕೂಸಿಗೆ ಕದ್ದು ಹಾಲು ಕುಡಸಾಕತ್ತೀರಿ. ನಾ ಅಷ್ಟ ಕೆಟ್ಟ ಮುದುಕಿ ಅದೀನೇನ? ಹುಡುಗ ಉಳದ್ರ ತಾನ ಮದುಮಗ. ಉಳೀದಿದ್ರ ನಾ ಸಕ್ಕರಿ ಹಂಚಿ ಏನ ಮಾಡ್ಲಿ?"

ನಮ್ಮ ಆಯಿ ಅತ್ತದ್ದನ್ನು ನಾನು ಅವತ್ತೇ ಕಂಡದ್ದು. ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಕಡೆ ಕರೆದಳು.

"ರೇಷ್ಮಾ, ಈ ಕಡೆ ಹೊಳ್ಳು. ಮಗಾ ನಿಂದು. ನೀ ಹೂಂ ಅನ್ನದ ನಾ ಅವನ್ನ ಎತ್ತೂದಿಲ್ಲ."

ವೈನಿ ಎದ್ದು ಕುಳಿತಳು. ಅವಳು ನಿದ್ದೆ ಮಾಡಿರಲೇ ಇಲ್ಲ. "ನನಗ ಗೊತ್ತಿತ್ತು, ಆಯಿ," ಎಂದಳು. "ಡಬ್ಬಿ ಹಾಲಿಗೆ ಆ ವಾಸನಿ ಇರೂದಿಲ್ಲ. ಕೂಸು ಕಾರಲಿಲ್ಲ ನೋಡ್ರಿ, ಅದಕ್ಕ ಗೋಡಿ ಕಡೆ ಹೊಳ್ಳಿ ಸುಮ್ನ ಮಲಗಿದೆ. ನೋಡಿದ್ರ ಬ್ಯಾಡ ಅಂತ ಬಾಯಾಗ ಬರತೈತಿ ಅಂತ."

ಆಮೇಲೆ ಅವಳೇ ಎದ್ದು ಬಂದಳು. ಅವ್ವನ ತೊಡೆಯಿಂದ ಮಗನನ್ನು ಎತ್ತಿಕೊಂಡು, ಕುಲಾಯಿ ಸರಿಮಾಡಿ, ತನ್ನ ಕೈಯಾರೆ ನನ್ನ ಎದೆಯ ಮೇಲೆ ಹಾಕಿದಳು. ಹಾಕಿ ಕೈ ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಅವಸರ ಮಾಡಲಿಲ್ಲ.

ಡಾಕ್ಟರು ಹೇಳಿಕೊಟ್ಟಂತೆ ಹಿಂದಕ್ಕೆ ಒರಗಿ, ಮೊದಲ ಜೋರನ್ನು ಅರಿವೆಗೆ ಬಿಟ್ಟು, ಆ ಸಣ್ಣ ಬಾಯಿಗೆ ಹಚ್ಚಿದೆ. ಅವನು ಎಳೆಯಬೇಕಾಗಿರಲಿಲ್ಲ. ಬಾಯಿ ತೆರೆದರೆ ಸಾಕು, ಅದು ತಾನಾಗಿ ಬರುತ್ತಿತ್ತು. ನುಂಗಿದರೆ ಸಾಕು. ಗುಟುಕ್, ಗುಟುಕ್. ನನ್ನ ಮಗಳನ್ನು ಉಸಿರುಗಟ್ಟಿಸಿ ಅಳಿಸಿದ ಅದೇ ಹಾಲು ಶಕ್ತಿಯೇ ಇಲ್ಲದ ಈ ಕೂಸಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕು ಹೆಂಗಸರು ಆ ಸದ್ದನ್ನೇ ಕೇಳುತ್ತ ಕುಳಿತಿದ್ದೆವು. ದೇವರೇ, ಏನಿದು, ಹೇಗೆ ಇದು ಎಂದು ಮನಸ್ಸು ಅದನ್ನೇ ಕೇಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ನಾನು, "ಆಯಿ, ನಿನ್ನ ಆಸೆ ಹೋತಲ್ಲ," ಎಂದೆ.

"ಎಲ್ಲಿ ಹೋತು? ಗಂಡಾ ಹೆಂಡ್ತೀನ ಜಮಾತಿನವರು ಕುಂತು ಬಿಡಸ್ತಾರ. ಅಣ್ಣಾ ತಂಗೀನ ಬಿಡಸ್ರಿ ಅಂತ ಯಾರ ಮುಂದ ಹೋಗ್ತಿ? ನಿನ್ನ ಮಗಳು ಇನ್ನ ಈ ಮನಿ ಹೆಂಗ ಬಿಡ್ತಾಳೋ ನಾನೂ ನೋಡ್ತೀನಿ." ಹೇಳಿ ಮೂಗು ಸೀನಿಕೊಂಡಳು. ಸೇಡು ತೀರಿಸಿಕೊಂಡವರ ಖುಷಿ ಅವಳ ಮುಖದಲ್ಲಿತ್ತು.

ಅಷ್ಟರಲ್ಲಿ ತೊಟ್ಟಿಲಲ್ಲಿ ನನ್ನ ಮಗಳು ಎದ್ದು ಕಿರುಚತೊಡಗಿದಳು. ನನ್ನ ಇನ್ನೊಂದು ಕಡೆ ತೊಟ್ಟಿಕ್ಕತೊಡಗಿತು. ಈ ಮಗನನ್ನು ಬಿಡಿಸಲು ಮನಸ್ಸಿಲ್ಲ, ಆ ಮಗಳನ್ನು ಅಳಿಸಲೂ ಮನಸ್ಸಿಲ್ಲ. ಅವ್ವ ಎದ್ದು ಮಗಳನ್ನು ಎತ್ತಿಕೊಂಡಳು. ಆಗ ವೈನಿ ಎರಡೂ ಕೈ ಮುಂದೆ ಚಾಚಿದಳು.

"ಅಕೀನ ನನ್ನ ಕಡೆ ಕೊಡ್ರಿ."

"ನಿನಗ..." ಎಂದ ಅವ್ವ ಅಲ್ಲಿಗೇ ತಡೆದಳು.

"ಭಾಳ ಇಲ್ಲ, ಅತ್ತಿ. ಇದ್ದಷ್ಟು ಕೊಡ್ತೀನಿ."

ಅವ್ವ ಕೊಟ್ಟಳು. ಮಗಳು ಹಸಿವಿನ ಸಿಟ್ಟಿನಲ್ಲಿ ಗಬಕ್ಕನೆ ಬಾಯಿ ಹಾಕಿದಳು. ನಾನು ಅವಳ ಕೆಮ್ಮಿಗೆ ಕಾದೆ. ಹುಟ್ಟಿದಾಗಿನಿಂದ ಅವಳು ಕೆಮ್ಮದೆ ಕುಡಿದದ್ದೇ ಇಲ್ಲ. ಆಗ ಕೆಮ್ಮಲಿಲ್ಲ. ಇಲ್ಲಿ ಹಾಲು ಮೆಲ್ಲಗೆ, ಹನಿಹನಿಯಾಗಿ, ಅವಳು ಎಳೆದರೆ ಮಾತ್ರ ಬರುತ್ತಿತ್ತು. ಅವಳು ಎಳೆದಳು, ಗಟ್ಟಿಮುಟ್ಟಾದ ದವಡೆಯಿಂದ ಬಿಡದೆ ಎಳೆದಳು. ಮುಷ್ಟಿ ಬಿಚ್ಚಿ ಕೈಯನ್ನು ವೈನಿಯ ಎದೆಯ ಮೇಲೆ ಇಟ್ಟಳು. ವೈನಿ ಅವಳನ್ನೇ ನೋಡುತ್ತ ಕುಳಿತಿದ್ದಳು, ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ತುಸು ಹೊತ್ತಿಗೆ ಏನಾಯಿತೋ, ತಟ್ಟನೆ ತನ್ನ ಇನ್ನೊಂದು ಕಡೆಯ ಕುಪ್ಪಸ ಮುಟ್ಟಿ ನೋಡಿಕೊಂಡಳು. ಅದು ಒದ್ದೆಯಾಗಿತ್ತು.

ಅವ್ವ "ಅಯ್ಯ, ನೋಡ್ರಿಲ್ಲೆ, ಹಾಲು..." ಎಂದು ಕೂಗಲು ಹೋದಳು.

"ಶ್!" ಎಂದಳು ವೈನಿ. ಅಷ್ಟು ದಿನದಲ್ಲಿ ಅವಳು ನಮ್ಮನ್ನು ಗದರಿಸಿದ್ದು ಅದೇ ಮೊದಲು. "ಯಾರೂ ಮಾತಾಡಬ್ಯಾಡ್ರಿ. ನನ್ನ ಮಗಳು ಕುಡಿಯಾಕತ್ತಾಳ."